ಸಹಪಾಠಿ

ಮಂಡ್ಯ ಜಿಲ್ಲೆಯ ನೆಲವನ್ನು ಹಸುರಾಗಿಸಿದುದು ಕಾವೇರಿಯ ನೀರು. ಕನ್ನಂಬಾಡಿಯ ಬಳಿ ಕಟ್ಟಿದ ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿದು, ಒಂದು ಕಾಲಕ್ಕೆ ಮಳೆಯನ್ನೇ ನೆಚ್ಚಿದ್ದ ಹೊಲಗಳನ್ನು ಕಬ್ಬಿನ ಗದ್ದೆಗಳನ್ನಾಗಿ ಮಾಡಿತು. ಈ ನಾಲೆಯನ್ನು ತೆಗೆಯುವಾಗ ಹುಳಿಕೆರೆಯ ಬಳಿ ಎತ್ತರದ ನೆಲವೊಂದು ದಾರಿಗೆ ಅಡ್ಡವಾಯಿತು. ನೀರು ತಾನಾಗಿ ಏರನ್ನು ಹತ್ತಲಾರದು. ಹಾಗೆಂದು ನೀರನ್ನು ಯಾರೂ ದೂರಲಿಲ್ಲ. 'ಇದು ಕೈಲಾಗದ ನೀರು, ಇಲ್ಲಿಯೇ ನಿಲ್ಲಲಿ' ಎನ್ನಲಿಲ್ಲ. ನೆಲದೊಳಗೆ ಸುರಂಗವನ್ನು ಕೊರೆದು ನೀರಿಗೆ ದಾರಿ ಮಾಡಿಕೊಟ್ಟರು. ದಾರಿ ದೊರೆತ ಕೂಡಲೆ ನೀರು ತನ್ನ ಕೆಲಸವನ್ನು ತಾನೇ ಮಾಡಿತು.

ಮನುಷ್ಯರ ವಿಷಯದಲ್ಲಿ ಮಾತ್ರ ಈ ವಿವೇಕವು ಎಷ್ಟೋ ವೇಳೆ ಮರೆತುಹೋಗುತ್ತದೆ. ಕಾಲಿಲ್ಲದವನು ಮೆಟ್ಟಿಲನ್ನು ಹತ್ತಲಾರದೆ ಹೋದಾಗ ಜನರ ಕಣ್ಣಿಗೆ ಬೀಳುವುದು ಅವನ ಕಾಲೇ ಹೊರತು ಮೆಟ್ಟಿಲಲ್ಲ. ಕಿವಿ ಕೇಳದವಳಿಗೆ ಪಾಠವು ತಿಳಿಯದೆ ಹೋದರೆ ದೋಷವೆಲ್ಲವೂ ಅವಳ ಕಿವಿಯದೇ ಆಗುತ್ತದೆ. ದಾರಿ ಎಲ್ಲಿ ತಪ್ಪಿದೆಯೆಂದು ಹುಡುಕುವವರು ವಿರಳ.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯನ್ನು ಊಹಿಸಿಕೊಳ್ಳಬಹುದು. ಇಕ್ಕೆಲಗಳಲ್ಲಿಯೂ ಕಬ್ಬಿನ ಗದ್ದೆ. ಗಾಳಿ ಬೀಸಿದಾಗ ಆಲೆಮನೆಯ ಬೆಲ್ಲದ ವಾಸನೆ. ಆ ಶಾಲೆಯ ಒಂಬತ್ತನೆಯ ತರಗತಿಗೆ ಪಕ್ಕದ ಹಳ್ಳಿಯ ಬಾಲಕನೊಬ್ಬನು ಹೊಸದಾಗಿ ಸೇರಿದನು. ಹುಟ್ಟಿನಿಂದಲೇ ಅವನ ಎಡಗಾಲು ಸೊರಗಿತ್ತು. ಊರುಗೋಲನ್ನು ಊರಿಕೊಂಡು ನಾಲೆಯ ಏರಿಯ ಮೇಲೆ ನಡೆದು ಬರುತ್ತಿದ್ದನು. ಮೊದಲ ದಿನವೇ ಯಾರೋ ಒಬ್ಬನು ಅವನ ಕಾಲಿನಿಂದಲೇ ಅವನಿಗೊಂದು ಹೆಸರನ್ನು ಕಟ್ಟಿದನು. ಕೇಳಿದವರು ನಕ್ಕರು. ಆ ಬಾಲಕನೂ ನಕ್ಕನು. ನಗದಿದ್ದರೆ ಇನ್ನೂ ಹೆಚ್ಚು ಹಾಸ್ಯ ಮಾಡಿಯಾರೆಂಬ ಭಯ ಅವನಿಗೆ. ತಿಂಗಳು ತುಂಬುವುದರೊಳಗೆ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ತರಗತಿಯಲ್ಲಿ ಎಲ್ಲರೂ ಕೆಟ್ಟವರಾಗಿರಲಿಲ್ಲ. ಮರುಕವುಳ್ಳವರೂ ಇದ್ದರು. ಆಟದ ಅವಧಿಯಲ್ಲಿ ಅವರು, "ಪಾಪ, ನೀನು ಓಡಲಾರೆ. ಇಲ್ಲಿ ಕುಳಿತು ನಮ್ಮ ಚೀಲಗಳನ್ನು ನೋಡಿಕೊ" ಎಂದು ಅವನನ್ನು ಬೇವಿನ ಮರದ ಕೆಳಗೆ ಕೂರಿಸಿ ಹೋಗುತ್ತಿದ್ದರು. ಹಾಸ್ಯ ಮಾಡುವವರಿಂದ ಅವನಿಗಾದ ನೋವು ದೊಡ್ಡದೋ, ಮರುಕದಿಂದ ದೂರವಿಟ್ಟವರಿಂದಾದ ನೋವು ದೊಡ್ಡದೋ ಹೇಳುವುದು ಕಷ್ಟ. ಮಳೆಗಾಲವು ಮುಗಿಯುವ ವೇಳೆಗೆ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದನು. ತಾಯಿ ಕೇಳಿದಾಗ, "ಕಾಲು ನೋಯುತ್ತದವ್ವ" ಎಂದನು. ನೋಯುತ್ತಿದ್ದುದು ಕಾಲಲ್ಲ.

ಎಂಟು ದಿನ ಕಳೆದ ಮೇಲೆ ಉಪಾಧ್ಯಾಯರು ಅವನ ಮನೆಗೆ ಹೋದರು. ಬಾಲಕನು ಜಗುಲಿಯ ಮೇಲೆ ಕುಳಿತಿದ್ದನು.

"ಯಾಕಪ್ಪ, ಶಾಲೆಯನ್ನು ಬಿಟ್ಟೆಯಂತೆ?" ಎಂದರು ಉಪಾಧ್ಯಾಯರು.

"ಅಲ್ಲಿ ನನ್ನದೇನು ಕೆಲಸ ಮೇಷ್ಟ್ರೆ? ಚೀಲ ಕಾಯುವುದಕ್ಕೆ ಯಾರಾದರೂ ಆದಾರು" ಎಂದನು ಬಾಲಕ.

ಉಪಾಧ್ಯಾಯರು ಹೆಚ್ಚು ಮಾತನಾಡದೆ ಹಿಂದಿರುಗಿದರು. ಮರುದಿನ ತರಗತಿಯಲ್ಲಿ ಅವರು ಯಾರನ್ನೂ ಗದರಲಿಲ್ಲ. ಆ ಬಾಲಕನ ವಿಷಯವಾಗಿ ತಮಗೆ ತಿಳಿದ ಮೂರು ಸಂಗತಿಗಳನ್ನು ಬರೆಯುವಂತೆ ಎಲ್ಲರಿಗೂ ಹೇಳಿದರು. ಕಾಗದಗಳು ಬಂದವು. ಒಂದರ ಹಿಂದೊಂದರಂತೆ ಎಲ್ಲವುಗಳಲ್ಲಿಯೂ ಇದ್ದುದು ಒಂದೇ ಸಂಗತಿ: ಅವನ ಕಾಲು. ಎರಡನೆಯದನ್ನು ಬರೆಯಲು ಯಾರಿಗೂ ಏನೂ ತೋಚಿರಲಿಲ್ಲ. ಅದೇ ನಾಲೆಯ ಏರಿಯ ಮೇಲೆ ನಡೆದು ಬರುವ ಹುಡುಗಿಯೊಬ್ಬಳು ಮಾತ್ರ ಮೂರನ್ನೂ ಬರೆದಿದ್ದಳು. ಅವನು ಎಷ್ಟು ದೊಡ್ಡ ಲೆಕ್ಕವನ್ನಾದರೂ ಬಾಯಲ್ಲಿಯೇ ಮಾಡಬಲ್ಲನು. ನೀಲಗಾರರ ಕಥೆಗಳನ್ನು ರಾಗವಾಗಿ ಹೇಳಬಲ್ಲನು. ಚಿನ್ನಿದಾಂಡಿನಲ್ಲಿ ಅವನು ಹೊಡೆದ ಚಿನ್ನಿಯನ್ನು ಹಿಡಿಯುವವರು ಅವನ ಊರಿನಲ್ಲಿಯೇ ಇಲ್ಲ. ಉಪಾಧ್ಯಾಯರು ಆ ಕಾಗದವನ್ನು ಗಟ್ಟಿಯಾಗಿ ಓದಿದರು. ತರಗತಿಯು ಮೌನವಾಯಿತು. ನಾಲ್ಕು ತಿಂಗಳು ಜೊತೆಯಲ್ಲಿ ಕುಳಿತವನನ್ನು ತಾವು ನೋಡಿಯೇ ಇಲ್ಲವೆಂಬುದು ಮಕ್ಕಳಿಗೆ ಅರಿವಾಯಿತು.

ಅಂದು ಸಂಜೆ ಐದಾರು ಮಕ್ಕಳು ಅವನ ಮನೆಗೆ ಹೋದರು. ಕ್ಷಮೆಯ ದೊಡ್ಡ ಮಾತುಗಳನ್ನು ಅವರು ಆಡಲಿಲ್ಲ. "ನಾಳೆ ಚಿನ್ನಿದಾಂಡು ಇದೆ, ಬಾ. ನೀನು ಹೊಡೆ, ನಿನ್ನ ಬದಲು ನಾನು ಓಡುತ್ತೇನೆ" ಎಂದನು ಒಬ್ಬನು. ಆಟದ ನಿಯಮವು ಅಷ್ಟು ಮಾತ್ರ ಬದಲಾಯಿತು. ಅದರಿಂದ ಆಟವೇನೂ ಕೆಡಲಿಲ್ಲ. ಎದುರು ಪಕ್ಷದವರಿಗೆ ಗೆಲ್ಲುವುದು ಕಷ್ಟವಾಯಿತು, ಅಷ್ಟೆ! ಕೆಲವು ದಿನಗಳ ಮೇಲೆ ಯಾರೋ ಹಳೆಯ ಅಡ್ಡಹೆಸರಿನಿಂದ ಕರೆದಾಗ ಬಾಲಕನು ಮೊದಲಿನಂತೆ ನಗಲಿಲ್ಲ. "ನನ್ನ ಹೆಸರು ಹಾಜರಿ ಪುಸ್ತಕದಲ್ಲಿದೆ, ಅದರಿಂದಲೇ ಕರೆ" ಎಂದನು. ಕರೆದವನು ತಲೆ ತಗ್ಗಿಸಿದನು.

ಈ ಬಾಲಕನು ಕಥೆಯವನು; ಆದರೆ ಇಂಥ ಬಾಲಕರೂ ಬಾಲಕಿಯರೂ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಇವರಲ್ಲಿ ನಡೆಯಲಾರದವರು, ಕಣ್ಣು ಕಾಣದವರು, ಕಿವಿ ಕೇಳದವರು, ಮಾತು ತೊದಲುವವರು, ಕಲಿಯಲು ಹೆಚ್ಚು ಕಾಲ ಬೇಕಾದವರು ಹೀಗೆ ಹಲವು ಬಗೆಯವರುಂಟು. ಕೆಲವರ ವೈಕಲ್ಯವು ಕಣ್ಣಿಗೆ ಕಾಣುತ್ತದೆ. ಕೆಲವರದು ಕಾಣುವುದೇ ಇಲ್ಲ. ಅಕ್ಷರಗಳನ್ನು ಗುರುತಿಸಲು ತೊಡಕುಪಡುವ ಮಗುವನ್ನು ಜನರು ಸೋಮಾರಿ ಎಂದುಬಿಡುತ್ತಾರೆ. ಅದು ಸೋಮಾರಿತನವಲ್ಲ.

ಮಂಡ್ಯದ ಸೀಮೆಗೆ ಈ ವಿಚಾರವು ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿಯ ನೆಲೆಯೆಂದು ಪ್ರಸಿದ್ಧವಾಗಿದೆ. ತಂಬೂರಿಯನ್ನು ಮೀಟುತ್ತ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವು ಈ ನಾಡಿನ ದೊಡ್ಡ ಜನಪದ ಕಾವ್ಯಗಳಲ್ಲಿ ಒಂದು. ಅದರಲ್ಲಿ ಬರುವ ಕಲ್ಯಾಣದ ಕಥೆಯ ಸಾರ ಹೀಗಿದೆ: ಶರಣರ ಪಟ್ಟಣವಾದ ಕಲ್ಯಾಣವನ್ನು ಪರೀಕ್ಷಿಸಬೇಕೆಂದು ಮಂಟೇಸ್ವಾಮಿಯು ಮೈತುಂಬ ಹುಣ್ಣಾದ ಕುಷ್ಠರೋಗಿಯ ರೂಪದಲ್ಲಿ ಅಲ್ಲಿಗೆ ಬರುತ್ತಾನೆ. ಹೊರಗೆ ವೇಷವನ್ನು ಧರಿಸಿ ಭಕ್ತರೆನಿಸಿಕೊಂಡವರು ಮೂಗು ಮುಚ್ಚಿಕೊಂಡು ಅವನನ್ನು ದೂರ ತಳ್ಳುತ್ತಾರೆ. ಬಸವಣ್ಣ ಮತ್ತು ನೀಲಮ್ಮ ಅವನಿದ್ದಲ್ಲಿಗೇ ಹೋಗಿ, ಹೇಸದೆ ಅವನನ್ನು ಬರಮಾಡಿಕೊಳ್ಳುತ್ತಾರೆ. ಪರೀಕ್ಷೆಗೆ ಒಳಗಾದುದು ರೋಗಿಯ ದೇಹವಲ್ಲ. ಅದನ್ನು ನೋಡಿದವರ ಮನಸ್ಸು. ಓದುಬರಹವಿಲ್ಲದ ರೈತರೂ ಕೂಲಿಕಾರರೂ ತಲೆಮಾರುಗಳಿಂದ ರಾತ್ರಿಯಿಡೀ ಕುಳಿತು ಕೇಳಿರುವ ಈ ಕಥೆಯ ಮರ್ಮವು ಶಾಲೆಗೆ ಹೋಗುವ ಮಕ್ಕಳಿಗೆ ತಿಳಿಯದಿರಬಾರದು.

ಅದೇ ನಾಡಿನಲ್ಲಿಯೇ 'ಕುಂಟನಿಗೆ ಎಂಟು ಚೇಷ್ಟೆ' ಎಂಬ ಗಾದೆಯೂ ಹುಟ್ಟಿದೆ. ಎಲ್ಲ ಗಾದೆಗಳೂ ವೇದಗಳಲ್ಲ. ಒಬ್ಬರ ದೇಹದ ಕೊರತೆಯನ್ನು ಅವರ ಗುಣದ ಕೊರತೆಯೆಂದು ತಿಳಿಯುವ ತಪ್ಪು ಇಂಥ ಮಾತುಗಳಲ್ಲಿ ಅಡಗಿ ಕುಳಿತಿರುತ್ತದೆ. ಮಾತು ಬದಲಾದಂತೆ ನೋಟವೂ ಬದಲಾಗುತ್ತದೆ. ಹಿಂದೆ ಕುಂಟ, ಕುರುಡ, ಮೂಗ ಎಂಬ ಮಾತುಗಳೇ ಬಳಕೆಯಲ್ಲಿದ್ದವು. ಆಮೇಲೆ ಅಂಗವಿಕಲರು ಎಂಬ ಮಾತು ಬಂದಿತು. ಈಗ ವಿಕಲಚೇತನರು, ವಿಶೇಷಚೇತನರು ಎಂಬ ಮಾತುಗಳೂ ಬಳಕೆಯಲ್ಲಿವೆ. ಆದರೆ ಇವೆಲ್ಲಕ್ಕಿಂತಲೂ ಒಳ್ಳೆಯ ಪದವೊಂದುಂಟು: ಅದು ಆ ವ್ಯಕ್ತಿಯ ಸ್ವಂತ ಹೆಸರು.

ಅಂಗವೈಕಲ್ಯವು ಪೂರ್ವಜನ್ಮದ ಪಾಪದ ಫಲವೆಂದು ನಂಬುವವರು ಇಂದಿಗೂ ಇದ್ದಾರೆ. ಗ್ರಹಣದ ಹೊತ್ತಿನಲ್ಲಿ ಗರ್ಭಿಣಿಯು ಏನನ್ನಾದರೂ ಕತ್ತರಿಸಿದರೆ ಹುಟ್ಟುವ ಮಗುವಿನ ತುಟಿ ಸೀಳುತ್ತದೆಂದು ಹೇಳುವವರೂ ಉಂಟು. ಇವು ಮೂಢನಂಬಿಕೆಗಳು. ಸೋಂಕು, ಅಪಘಾತ, ಹೆರಿಗೆಯ ಕಾಲದ ತೊಂದರೆ, ಪೌಷ್ಟಿಕ ಆಹಾರದ ಕೊರತೆ, ವಂಶದಿಂದ ಬರುವ ದೋಷ ಮುಂತಾದವು ವೈಕಲ್ಯದ ಕಾರಣಗಳು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಕೆಲವು ಆನುವಂಶಿಕ ದೋಷಗಳು ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಂಭವವು ಹೆಚ್ಚು. ಕಾರಣವನ್ನು ಅರಿತರೆ ಎಷ್ಟೋ ವೈಕಲ್ಯಗಳನ್ನು ತಡೆಯಬಹುದು. ಒಂದು ಕಾಲಕ್ಕೆ ಸಾವಿರಾರು ಮಕ್ಕಳ ಕಾಲುಗಳ ಬಲವನ್ನು ಕಸಿದ ಪೋಲಿಯೋ ರೋಗವು ಇದಕ್ಕೆ ಉದಾಹರಣೆ. ಮಕ್ಕಳ ಬಾಯಿಗೆ ಹಾಕಿದ ಎರಡು ಹನಿ ಲಸಿಕೆಯ ಬಲದಿಂದ 2011ರ ಜನವರಿಯ ಬಳಿಕ ಭಾರತದಲ್ಲಿ ಕಾಡು ಪೋಲಿಯೋ ವೈರಸ್ಸಿನಿಂದ ಒಂದು ಮಗುವೂ ರೋಗಕ್ಕೆ ತುತ್ತಾಗಲಿಲ್ಲ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋ ಮುಕ್ತವೆಂದು ಸಾರಿತು. ಪಾಪದ ಫಲವಾಗಿದ್ದರೆ ಎರಡು ಹನಿ ಲಸಿಕೆಗೆ ಅದು ಅಳಿಯುತ್ತಿತ್ತೆ?

ದಾರಿ ದೊರೆತಾಗ ಮನುಷ್ಯನು ಎಷ್ಟು ದೂರ ಹೋಗಬಲ್ಲನೆಂಬುದಕ್ಕೆ ನಿದರ್ಶನಗಳನ್ನು ಬಹಳ ದೂರದಲ್ಲಿ ಹುಡುಕಬೇಕಾಗಿಲ್ಲ. ಕಣ್ಣು ಕಾಣದಿದ್ದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಆಸರೆಯಾಗಿ ಸಂಗೀತದ ಶಿಕ್ಷಣವನ್ನು ಕೊಡಿಸಿದರು. ಆ ಗವಾಯಿಗಳು ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮವು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ, ವಿದ್ಯೆಗಳ ನೆಲೆಯಾಯಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 1914ರಲ್ಲಿ ಜನಿಸಿದರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. ಆದರೂ ಹಲವು ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯು ದೊರೆಯಿತು. ಅದೇ ವರ್ಷ ಅವರು ತೀರಿಕೊಂಡರು. ಶೈಶವದಲ್ಲಿ ಪೋಲಿಯೋಗೆ ತುತ್ತಾದ ಮಾಲತಿ ಹೊಳ್ಳ ಅವರು ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಒಳಗಾದರು. ಗಾಲಿಕುರ್ಚಿಯಲ್ಲಿ ಕುಳಿತೇ ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ಪದಕಗಳನ್ನು ಗೆದ್ದು, 1995ರಲ್ಲಿ ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು; ವೈಕಲ್ಯವುಳ್ಳ ಮಕ್ಕಳಿಗಾಗಿ ಮಾತೃ ಪ್ರತಿಷ್ಠಾನವನ್ನು ನಡೆಸಿದರು. ನೆರೆಯ ಹಾಸನ ಜಿಲ್ಲೆಯ ರೈತ ಕುಟುಂಬದ ಗಿರೀಶ ಅವರು ಎಡಗಾಲಿನ ವೈಕಲ್ಯದೊಡನೆ ಹುಟ್ಟಿದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದಲ್ಲಿ 1.74 ಮೀಟರ್ ಎತ್ತರವನ್ನು ಜಿಗಿದು ಬೆಳ್ಳಿಯ ಪದಕವನ್ನು ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಪದಕ ಅದೊಂದೇ.

ಇಂಥವರನ್ನು ಹೊಗಳುವುದು ಸುಲಭ. ಆದರೆ ಪದಕ ಗೆದ್ದವರಿಗೆ ಮಾತ್ರ ಗೌರವವೆಂದರೆ, ಗೆಲ್ಲದೆ ಸಾಧಾರಣವಾಗಿ ಬದುಕುವವರ ಗತಿಯೇನು? ಕಣ್ಣು, ಕಾಲು ನೆಟ್ಟಗಿರುವ ಎಲ್ಲರೂ ಪದಕವನ್ನು ಗೆಲ್ಲುವುದಿಲ್ಲ. ಆದರೂ ಅವರಿಗೆ ಆಟದಲ್ಲಿ, ಊಟದಲ್ಲಿ, ಸ್ನೇಹದಲ್ಲಿ ಜಾಗವಿದೆ. ಅದೇ ಜಾಗವು ಉಳಿದವರಿಗೂ ಸಲ್ಲಬೇಕು. ಅದು ಬಹುಮಾನವಲ್ಲ, ಹಕ್ಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ನಿಗದಿಯಾದ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳು ನೆರೆಯ ಶಾಲೆಯಲ್ಲಿಯೋ ತಾವು ಬಯಸಿದ ವಿಶೇಷ ಶಾಲೆಯಲ್ಲಿಯೋ ಉಚಿತವಾಗಿ ಕಲಿಯಬಹುದೆಂದು ಅದು ವಿಧಿಸಿದೆ. ಮಂಡ್ಯಕ್ಕೆ ಸಮೀಪದ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯು 1901ರಲ್ಲಿಯೇ ಆರಂಭವಾಯಿತು. ಅಲ್ಲಿಯ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು, ಕಿವಿಗಳ ತೊಂದರೆಯುಳ್ಳವರನ್ನು ಅಲ್ಲಿ ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಮಗುವಿನ ಕಿವಿಯ ದೋಷವನ್ನು ಎಷ್ಟು ಬೇಗ ಕಂಡುಹಿಡಿದರೆ ಮಾತು ಕಲಿಸುವುದು ಅಷ್ಟು ಸುಲಭ.

ಕಾನೂನು ಶಾಲೆಯ ಬಾಗಿಲನ್ನು ತೆರೆಸಬಲ್ಲದು. ಆದರೆ ಬೆಂಚಿನ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಕೊಡುವವರು ಸಹಪಾಠಿಗಳೇ. ಅದಕ್ಕೆ ಬೇಕಾದ ತಿಳಿವಳಿಕೆಯು ಸರಳವಾದುದು. ಕಣ್ಣು ಕಾಣದವರ ಬಳಿಗೆ ಬಂದಾಗ ಮೊದಲು ತನ್ನ ಹೆಸರನ್ನು ಹೇಳಬೇಕು. ಹೋಗುವಾಗಲೂ ಹೇಳಿ ಹೋಗಬೇಕು. ಅವರನ್ನು ಹಿಡಿದು ಎಳೆಯಬಾರದು. ತನ್ನ ಮೊಣಕೈಯನ್ನು ಅವರು ಹಿಡಿದುಕೊಳ್ಳುವಂತೆ ನೀಡಬೇಕು. ಕಿವಿ ಮಂದವಾದವರೊಡನೆ ಕಿರುಚಬಾರದು; ಮುಖಕ್ಕೆ ಬೆಳಕು ಬೀಳುವಂತೆ ಎದುರಿಗೆ ನಿಂತು, ತುಟಿಗಳು ಕಾಣುವಂತೆ ನಿಧಾನವಾಗಿ ಮಾತನಾಡಬೇಕು. ತೊದಲುವವರ ಮಾತನ್ನು ನಡುವೆಯೇ ಕಸಿದು ತಾವು ಪೂರ್ತಿ ಮಾಡಬಾರದು, ಮುಗಿಯುವವರೆಗೆ ಕಾಯಬೇಕು. ಗಾಲಿಕುರ್ಚಿಯೂ ಊರುಗೋಲೂ ಅವುಗಳನ್ನು ಬಳಸುವವರ ಮೈಯ ಭಾಗವಿದ್ದಂತೆ, ಕೇಳದೆ ಮುಟ್ಟಬಾರದು. ಸಹಾಯ ಮಾಡುವ ಮೊದಲು 'ಸಹಾಯ ಬೇಕೆ?' ಎಂದು ಕೇಳಬೇಕು, ಬೇಡವೆಂದರೆ ಸುಮ್ಮನಿರಬೇಕು.

ತರಗತಿಯಲ್ಲಿ ಯಾರಿಗಾದರೂ ಮೂರ್ಛೆ ಬಂದಾಗ ಅಂಗೈಗೆ ಕಬ್ಬಿಣದ ಬೀಗದ ಕೈಯನ್ನು ಇಡುವ ರೂಢಿಯುಂಟು. ಅದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ತುರುಕಬಾರದು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯನ್ನಿಟ್ಟು, ಮಗ್ಗುಲಿಗೆ ಹೊರಳಿಸಿ, ಗಾಳಿಯಾಡುವಂತೆ ಜನರನ್ನು ದೂರ ಸರಿಸಬೇಕು. ಸೆಳೆತವು ಐದು ನಿಮಿಷಗಳಾದರೂ ನಿಲ್ಲದಿದ್ದರೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂರ್ಛೆರೋಗವು ಮುಟ್ಟಿದರೆ ಅಂಟುವುದಿಲ್ಲ. ಎಚ್ಚರವಾದಾಗ ಸುತ್ತಲೂ ಬೆದರಿದ ಮುಖಗಳನ್ನು ಕಾಣುವುದಕ್ಕಿಂತ, ಪಕ್ಕದಲ್ಲಿ ಕುಳಿತ ಗೆಳೆಯನೊಬ್ಬನನ್ನು ಕಂಡರೆ ಆ ಮಗುವಿಗೆ ಧೈರ್ಯವಾಗುತ್ತದೆ.

ಹೀಗೆ ನಡೆದುಕೊಳ್ಳುವುದು ಉಪಕಾರವಲ್ಲ. ಉಪಕಾರ ಮಾಡುವವನು ಮೇಲೆ ನಿಲ್ಲುತ್ತಾನೆ. ಸಹಪಾಠಿಯು ಪಕ್ಕದಲ್ಲಿ ನಿಲ್ಲುತ್ತಾನೆ. ಇದರಿಂದ ಲಾಭವೂ ಒಬ್ಬರಿಗೆ ಮಾತ್ರವಲ್ಲ. ಗಾಲಿಕುರ್ಚಿಗೆಂದು ಮಾಡಿದ ಇಳಿಜಾರಿನಲ್ಲಿ ಮುದುಕರೂ ಬಸುರಿಯರೂ ಭಾರ ಹೊತ್ತವರೂ ನಡೆಯುತ್ತಾರೆ. ಕಿವಿ ಕೇಳದ ಒಬ್ಬಳಿಗಾಗಿ ಉಪಾಧ್ಯಾಯರು ತರಗತಿಯ ಕಡೆಗೆ ಮುಖಮಾಡಿ ಸ್ಪಷ್ಟವಾಗಿ ಮಾತನಾಡಿದರೆ ಕೊನೆಯ ಸಾಲಿನವರಿಗೂ ಪಾಠವು ತಿಳಿಯುತ್ತದೆ. ಅಲ್ಲದೆ ಇಂದು ಗಟ್ಟಿಯಾಗಿರುವ ಕೈಕಾಲುಗಳು ಮುಪ್ಪಿನಲ್ಲಿ ಹಾಗೆಯೇ ಇರುವುದಿಲ್ಲ. ಊರುಗೋಲು ಎಲ್ಲರ ಮನೆಯ ಮೂಲೆಯಲ್ಲಿಯೂ ಒಂದಲ್ಲ ಒಂದು ದಿನ ಬಂದು ನಿಲ್ಲುತ್ತದೆ.

ನಾಲೆಯ ನೀರು ಗದ್ದೆಯಿಂದ ಗದ್ದೆಗೆ ಹರಿಯುವಾಗ ಪ್ರತಿಯೊಬ್ಬ ರೈತನೂ ತನ್ನ ಬದುವಿನಲ್ಲಿ ಒಂದು ಬಾಯಿಯನ್ನು ಬಿಡಿಸುತ್ತಾನೆ. ಒಬ್ಬನು ಮುಚ್ಚಿದರೂ ಮುಂದಿನ ಗದ್ದೆಯು ಒಣಗುತ್ತದೆ. ತರಗತಿಯಲ್ಲಿಯೂ ಅಷ್ಟೆ. ಯಾರ ಹಾದಿಯು ಎಲ್ಲಿ ಮುಚ್ಚಿದೆಯೆಂದು ನೋಡಿ ತೆರೆಯುವ ಕೆಲಸವು ಪಕ್ಕದಲ್ಲಿ ಕುಳಿತವರದು.

ಅಭ್ಯಾಸ

ಪದಗಳ ಅರ್ಥ
ಸಹಪಾಠಿ - ಜೊತೆಯಲ್ಲಿ ಓದುವವನು, ಓದುವವಳು
ವೈಕಲ್ಯ - ಅಂಗದ ಕೊರತೆ, ನ್ಯೂನತೆ
ಇಕ್ಕೆಲ - ಎರಡು ಪಕ್ಕ
ನೀಲಗಾರರು - ಮಂಟೇಸ್ವಾಮಿ ಪರಂಪರೆಯ ಗಾಯಕರು
ಆನುವಂಶಿಕ - ವಂಶದಿಂದ ಬರುವ
ಅಧಿನಿಯಮ - ಶಾಸನ, ಕಾಯಿದೆ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಹುಳಿಕೆರೆಯ ಬಳಿ ನಾಲೆಯ ನೀರಿಗೆ ಹೇಗೆ ದಾರಿ ಮಾಡಿಕೊಟ್ಟರು?
2. ಅಡ್ಡಹೆಸರಿನಿಂದ ಕರೆದಾಗ ಬಾಲಕನು ಮೊದಲು ಏಕೆ ನಕ್ಕನು?
3. ಮಂಟೇಸ್ವಾಮಿಯು ಕಲ್ಯಾಣಕ್ಕೆ ಯಾವ ರೂಪದಲ್ಲಿ ಬಂದನು?
4. ಗಿರೀಶ ಅವರು ಪದಕವನ್ನು ಗೆದ್ದುದು ಯಾವ ಕ್ರೀಡಾಕೂಟದಲ್ಲಿ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಮರುಕ ತೋರಿದವರಿಂದಲೂ ಬಾಲಕನಿಗೆ ನೋವಾದುದು ಏಕೆ?
2. ಅಂಗವೈಕಲ್ಯವು ಪಾಪದ ಫಲವಲ್ಲವೆಂಬುದನ್ನು ಪೋಲಿಯೋ ರೋಗದ ಉದಾಹರಣೆಯಿಂದ ವಿವರಿಸಿ.
3. ಮೂರ್ಛೆ ಬಂದವರಿಗೆ ಏನು ಮಾಡಬೇಕು? ಏನು ಮಾಡಬಾರದು?
4. ಉಪಕಾರಿಗೂ ಸಹಪಾಠಿಗೂ ಇರುವ ವ್ಯತ್ಯಾಸವೇನು?

ಇ) ಸಂದರ್ಭದೊಡನೆ ವಿವರಿಸಿ.
1. "ಅಲ್ಲಿ ನನ್ನದೇನು ಕೆಲಸ ಮೇಷ್ಟ್ರೆ?"
2. "ನೀನು ಹೊಡೆ; ನಿನ್ನ ಬದಲು ನಾನು ಓಡುತ್ತೇನೆ."
3. "ನನ್ನ ಹೆಸರು ಹಾಜರಿ ಪುಸ್ತಕದಲ್ಲಿದೆ."

ಈ) ಭಾಷಾಭ್ಯಾಸ
1. ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿ: ಮಳೆಗಾಲ, ಊರುಗೋಲು, ಶಾಲೆಯಲ್ಲಿ.
2. ವಿಗ್ರಹಿಸಿ, ಸಮಾಸದ ಹೆಸರನ್ನು ತಿಳಿಸಿ: ಇಕ್ಕೆಲ, ಅಂಗೈ.
3. ಸ್ವಂತ ವಾಕ್ಯಗಳಲ್ಲಿ ಬಳಸಿ: ಬರಮಾಡಿಕೊಳ್ಳು, ತಲೆ ತಗ್ಗಿಸು, ತುತ್ತಾಗು.

ಉ) ಮಾಡಿ ನೋಡಿ
ತರಗತಿಯಲ್ಲಿ ಹೆಚ್ಚು ಮಾತನಾಡಿಸದ ಸಹಪಾಠಿಯೊಬ್ಬರನ್ನು ಒಂದು ವಾರ ಜೊತೆಗೂಡಿ, ಅವರ ವಿಷಯವಾಗಿ ಹೊಸದಾಗಿ ತಿಳಿದ ಮೂರು ಸಂಗತಿಗಳನ್ನು ಬರೆಯಿರಿ. ಬರೆದುದನ್ನು ಮೊದಲು ಅವರಿಗೇ ಓದಿ ಹೇಳಿರಿ.